ಚಿಕ್ಕಮ್ಮನ ಮನೆಗೆ ಕಳಿಸಿದ ಹುಡುಗಿಯರು

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ಪೇಪರಿನವರನ್ನು ಕೇಳಿದರೆ ಫಲಿತಾಂಶದಿಂದ ಅನ್ನುತ್ತಾರೆ. ಆಗಲಿ, ಅವರ ಮಾತೇ ನಡೆಯಲಿ.

'ಶಾಲೆಯ ಕೊನೆಯ ವರ್ಷದ ಫಾರ್ಮ್ ಫೋರ್ ಪರೀಕ್ಷೆಯಲ್ಲಿ ಎಸಾಂಚೊ ಹೆಣ್ಣುಮಕ್ಕಳ ಶಾಲೆ ಇಡೀ ಕೌಂಟಿಯ ಡೇ ಸ್ಕೂಲುಗಳಿಗೇ ಮೊದಲು ಬಂತು. ಸುದ್ದಿ ತಿಳಿದದ್ದೇ ತಡ, ಹೆಂಗಸರು ಹಸಿರು ರೆಂಬೆ ಹಿಡಿದು ಹಾಡುತ್ತ ಗುಡ್ಡ ಇಳಿದರು. ಪ್ರಿನ್ಸಿಪಾಲ್ ಮಚೋಗು ಅವರನ್ನು ಕುರ್ಚಿ ಸಮೇತ ಎತ್ತಿ ಹೆಗಲ ಮೇಲೆ ಕೂರಿಸಿಕೊಂಡು ಅಂಗಳದ ಸುತ್ತ ಮೆರೆಸಿದರು.'

(ಓದಲು ಚೆನ್ನಾಗಿದೆ. ಆದರೆ ಹೆಗಲ ಮೇಲೆ ಕೂತವರ ಕಥೆ ಬರೆಯಲು ಪೇಪರುಗಳಿವೆ, ನಾನೇಕೆ? ನನಗೆ ಬೇಕಾದವಳು ಅಂಗಳದಲ್ಲೇ ಇಲ್ಲ. ಶಾಲೆಯ ಅಡುಗೆಮನೆಯ ಹಿಂದೆ, ಸೌದೆಯ ಹೊಗೆಯಲ್ಲಿ, ಕಣ್ಣೊರೆಸಿಕೊಳ್ಳಲು ಒಂದು ನೆಪ ಸಿಕ್ಕಿತಲ್ಲ ಎಂದು ನಿಂತಿದ್ದಾಳೆ. ಈ ಆರಂಭವನ್ನು ಹೊಡೆದುಹಾಕಿದ್ದೇನೆ.)

೨

ಎರಡನೇ ಆರಂಭ. ಹೆಸರು ಗೆಸಾರೆ. ಎಸಾಂಚೊ ಶಾಲೆಯಲ್ಲಿ ಗಣಿತದ ಟೀಚರು, ಪರೀಕ್ಷೆಗೆ ಹೆಸರು ನೋಂದಾಯಿಸುವ ಕೆಲಸವೂ ಅವಳದೇ. ಕೆಟ್ಟವಳಲ್ಲ. (ಈ ಮಾತನ್ನು ಮೊದಲೇ ಹೇಳಿದೆನೆಂದರೆ ಮುಂದೆ ಏನೋ ಕೆಟ್ಟದ್ದಿದೆ ಎಂದು ನಿಮಗೆ ಗೊತ್ತಾಗಿಬಿಡುತ್ತದೆ. ಹೋಗಲಿ, ಗೊತ್ತಾಗಲಿ.)

ನಾನು ರ್‍ಯಾಂಕ್ ಪಟ್ಟಿಯನ್ನು ಹಿಗ್ಗಾಮುಗ್ಗಾ ಬೈಯಬೇಕೆಂದು ಪೆನ್ನು ತೆಗೆದಾಗ ಮೊದಲು ಅಡ್ಡ ಬಂದವಳೂ ಅವಳೇ.

"ಸ್ವಲ್ಪ ತಡೀರಿ. ನಾನು ಓದೋವಾಗ ನಮ್ಮ ಗಣಿತದ ಮೇಷ್ಟ್ರು ಬೆಲ್ ಹೊಡೆದಾಗ ಎಲ್ಲಿರ್ತಿದ್ರು ಗೊತ್ತಾ? ದನದ ಸಂತೇಲಿ. ಯಾರೂ ಕೇಳ್ತಿರಲಿಲ್ಲ. ಪೇಪರಲ್ಲಿ ಶಾಲೆ ಹೆಸರು ಕೊನೇಲಿ ಬಂತು ನೋಡಿ, ಮಾರನೇ ವರ್ಷ ಮೇಷ್ಟ್ರು ದನ ಬಿಟ್ಟು ಕ್ಲಾಸಿಗೆ ಬಂದ್ರು. ಅವರು ಬರದೇ ಇದ್ದಿದ್ರೆ ನಾನೂ ಟೀಚರ್ ಆಗ್ತಿರಲಿಲ್ಲ. ಇದನ್ನೂ ಬರ್ಕೊಳಿ."

ಬರೆದುಕೊಂಡೆ.

"ಇನ್ನೊಂದು ಬರ್ಕೊಳಿ. ದೊಡ್ಡ ಬೋರ್ಡಿಂಗ್ ಶಾಲೆಗಳಿಗೆ ಮಾರ್ಕ್ಸ್ ನೋಡಿ ಮೊದಲೇ ಆರಿಸಿದ ಹುಡುಗೀರು ಹೋಗ್ತಾರೆ. ಅವರ ಒಲೆಗೆ ಒಳ್ಳೆ ಮಾಂಸ, ನಮ್ಮ ಒಲೆಗೆ ಸಂತೆ ಮುಗಿದ ಮೇಲೆ ಉಳಿದ ಸೊಪ್ಪು. ಆಮೇಲೆ ಎರಡು ಅಡುಗೇನೂ ಒಂದೇ ನಾಲಿಗೇಲಿ ರುಚಿ ನೋಡಿ, ಇವರು ಫಸ್ಟು, ನೀವು ಲಾಸ್ಟು ಅಂತಾರೆ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ."

ಹಾಗಾದರೆ ರ್‍ಯಾಂಕ್ ನ್ಯಾಯವೋ ಅನ್ಯಾಯವೋ ಎಂದು ಕೇಳಿದೆ. ಅವಳು ಕಣ್ಣೊರೆಸಿಕೊಂಡಳು. ಹೊಗೆ ಅಂದಳು.

೪

(ಮೂರನೆಯದು ಎಲ್ಲಿ ಎಂದು ಕೇಳುತ್ತೀರಿ. ಬರವಣಿಗೆಯಲ್ಲಿ ಅದು ಸ್ವಲ್ಪ ವೀಕು. ಇಲ್ಲೇ ಬಿಟ್ಟರೆ ಇಡೀ ಕಥೆಯ ಮಟ್ಟ ಕೆಳಗಿಳಿಯುತ್ತದೆ ಎಂದು ತೆಗೆದು, ಯಾರೂ ಓದದ ನನ್ನದೇ ಇನ್ನೊಂದು ಕಥೆಯೊಳಗೆ ಸೇರಿಸಿದ್ದೇನೆ. ನಿಮಗೇನೂ ನಷ್ಟವಿಲ್ಲ.)

ವರ್ಷದ ಆರಂಭ, ನೋಂದಣಿಯ ಸಮಯ. ಪ್ರಿನ್ಸಿಪಾಲ್ ಮಚೋಗು ಚಹಾ ಕಪ್ಪಿನ ಮೇಲಿಂದ ಕೇಳಿದರು.

"ಗೆಸಾರೆ ಮೇಡಂ, ಈ ಸಲ ಯಾರ್‍ಯಾರನ್ನ ಚಿಕ್ಕಮ್ಮನ ಮನೆಗೆ ಕಳಿಸೋಣ?"

ಟೀಚರುಗಳ ಕೋಣೆಯಲ್ಲಿ ಇದಕ್ಕೆ ಎಲ್ಲರೂ ನಗುತ್ತಾರೆ. ಮಾತಿನ ಅರ್ಥ ಇಷ್ಟೇ. ಓದಿನಲ್ಲಿ ಹಿಂದಿರುವ ಹುಡುಗಿಯರು ವರ್ಷವಿಡೀ ಎಸಾಂಚೊದಲ್ಲೇ ಓದುತ್ತಾರೆ, ಎಸಾಂಚೊದ ಮರೂನ್ ಸ್ವೆಟರನ್ನೇ ತೊಡುತ್ತಾರೆ, ಬೆಳಗಿನ ಪ್ರಾರ್ಥನೆಯಲ್ಲಿ ಎಸಾಂಚೊದ ಹಾಡನ್ನೇ ಹಾಡುತ್ತಾರೆ. ಆದರೆ ಪರೀಕ್ಷೆಗೆ ಅವರ ಹೆಸರು ಹೊಳೆಯಾಚೆಯ ಒಂದು ಪುಟ್ಟ ಶಾಲೆಯ ಲೆಕ್ಕದಲ್ಲಿ ನೋಂದಾಯಿತವಾಗುತ್ತದೆ. ಆ ಶಾಲೆಗೆ ಮೇಲೇರುವ ಆಸೆಯಿಲ್ಲ. ಪರೀಕ್ಷಾ ಕೇಂದ್ರ ಉಳಿಯಬೇಕಾದರೆ ತಲೆಗಳು ಬೇಕು, ಅಷ್ಟೇ. ಅವರಿಗೆ ತಲೆ ಸಿಗುತ್ತದೆ, ಇವರ ಸರಾಸರಿ ಏರುತ್ತದೆ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ.

ಪಟ್ಟಿಯ ಕೆಳಗಿನಿಂದ ಹೆಸರು ಓದುತ್ತ ಬಂದು ಬಿತುತು ಎಂಬ ಹುಡುಗಿಯ ಹತ್ತಿರ ಗೆಸಾರೆ ನಿಂತಳು.

"ಇವಳು ಬೇಡ ಸಾರ್. ಕಲೀತಾಳೆ. ಸ್ವಲ್ಪ ನಿಧಾನ, ಅಷ್ಟೇ."

"ನಿಧಾನಕ್ಕೆ ರ್‍ಯಾಂಕಲ್ಲಿ ಜಾಗ ಇಲ್ಲ ಮೇಡಂ."

"ಕ್ಲಾಸಲ್ಲಿ ಗೊತ್ತಿಲ್ಲ ಅಂತ ಎದ್ದು ನಿಂತು ಹೇಳೋಳು ಅವಳೊಬ್ಬಳೇ ಸಾರ್. ಅವಳು ಕೇಳೋದ್ರಿಂದ ಬೇರೆಯವರಿಗೂ ಅರ್ಥ ಆಗುತ್ತೆ."

"ಅವಳು ಕೇಳ್ಲಿ, ಬೇರೆಯವರು ಅರ್ಥ ಮಾಡ್ಕೊಂಡು ಇಲ್ಲಿ ಬರೀಲಿ. ಅವಳು ಅಲ್ಲಿ ಬರೀಲಿ." ಮಚೋಗು ನಕ್ಕರು. ಆಮೇಲೆ ನಗು ನಿಲ್ಲಿಸಿ ಕಿಟಕಿಯಾಚೆ ಗೇಟು ತೋರಿಸಿದರು. "ಫಲಿತಾಂಶ ಬಿದ್ದ ವರ್ಷ ಹಳೇ ಪ್ರಿನ್ಸಿಪಾಲಮ್ಮನ್ನ ಆ ಗೇಟಿಂದ ಹೆಂಗೆ ದಬ್ಬಿಕೊಂಡು ಹೋದ್ರು ನೀವೇ ನೋಡಿದೀರಿ. ಕಾಲಲ್ಲಿ ಒಂದೇ ಚಪ್ಪಲಿ. ಅದೇ ರೆಂಬೆ, ಅದೇ ಹೆಂಗಸ್ರು. ನನಗೆ ಮೂರು ಮಕ್ಕಳಿದಾರೆ ಮೇಡಂ."

ಈ ಊರಿನಲ್ಲಿ ಹೊಗಳುವುದಕ್ಕೂ ಓಡಿಸುವುದಕ್ಕೂ ರೆಂಬೆ ಒಂದೇ, ಹಾಡು ಮಾತ್ರ ಬೇರೆ. ಗೆಸಾರೆ ಅಂದು ಆ ಪ್ರಿನ್ಸಿಪಾಲಮ್ಮನ ನೆರವಿಗೆ ಹೋಗದೆ ಪ್ರಯೋಗಶಾಲೆಯ ಬಾಗಿಲು ಹಾಕಿಕೊಂಡು ಕೂತಿದ್ದಳು. ಅವಳು ಬಿತುತುವಿನ ಹೆಸರನ್ನು ಹೊಳೆಯಾಚೆಗೆ ಕಳಿಸಿದಳು. ಯಾರೂ ಅವಳ ಕೈ ಹಿಡಿದು ಬರೆಸಲಿಲ್ಲ.

೫. ಮುಕ್ತಾಯ, ಮೊದಲ ಬಗೆ

ನೀವು ಇದಕ್ಕೇ ಕಾಯುತ್ತಿದ್ದೀರಿ, ನನಗೆ ಗೊತ್ತು. ಫಲಿತಾಂಶ ಬರುತ್ತದೆ. ದಡ್ಡಿ ಎಂದು ತಳ್ಳಿದ ಬಿತುತು ಇಡೀ ಕೌಂಟಿಗೇ ಮೊದಲಿಗಳು! ಹೊಳೆಯಾಚೆಯ ಶಾಲೆಯ ಮುಂದೆ ಕ್ಯಾಮೆರಾಗಳ ಸಾಲು. ಮಚೋಗು ಮುಖಕ್ಕೆ ಮಸಿ. ಓದುಗರ ಕಣ್ಣಲ್ಲಿ ನೀರು.

"ರೀ ಕಥೆಗಾರರೇ."

ಬಿತುತು. ಎದ್ದು ನಿಂತಿದ್ದಾಳೆ, ಕ್ಲಾಸಿನಲ್ಲಿ ನಿಲ್ಲುವ ಹಾಗೆಯೇ.

"ನನಗೆ ಬಂದಿರೋ ಗ್ರೇಡು ಡಿ ಪ್ಲಸ್. ಅದನ್ನ ಯಾಕೆ ತಿದ್ದಿದ್ರಿ?"

"ನಿನ್ನ ಒಳ್ಳೇದಕ್ಕೇ ಕಣಮ್ಮ. ನೀನು ಮೊದಲು ಬಂದ್ರೆ, ಮಾಡಿದ್ದು ಅನ್ಯಾಯ ಅಂತ ಎಲ್ಲರಿಗೂ ಗೊತ್ತಾಗುತ್ತೆ."

"ಡಿ ಪ್ಲಸ್ ಬಂದ್ರೆ ನ್ಯಾಯವಾ?"

ನಾನು ಕನ್ನಡಕ ಒರೆಸಿಕೊಂಡೆ.

"ಅಲ್ಲ, ನನಗೆ ಅರ್ಥ ಆಗ್ತಿಲ್ಲ, ಅದಕ್ಕೇ ಕೇಳ್ತಿದೀನಿ," ಅಂದಳು. "ನಾನು ಜಾಣೆ ಆಗಿದ್ರೆ ಮಾತ್ರ ನನ್ನನ್ನ ಕಳಿಸಿದ್ದು ತಪ್ಪಾ? ಹೊಳೆಯಾಚೆಗೆ ನಮ್ಮ ಜೊತೆ ಬಂದ ಕ್ವಾಂಬೊಕಾಗೆ ಡಿ ಮೈನಸ್. ಅವಳಿಗೆ ಯಾವ ಮುಕ್ತಾಯ ಬರೀತೀರಿ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೆ ನಾನು ಆ ಪುಟವನ್ನು ಮಡಚಿದೆ. ಅವಳನ್ನು ಮೊದಲಿಗಳನ್ನಾಗಿ ಮಾಡಿ ಕರುಣೆ ಗಿಟ್ಟಿಸಲು ಹೊರಟ ನನಗೂ ಮಚೋಗುಗೂ ಏನು ವ್ಯತ್ಯಾಸ? ಅವರಿಗೆ ರ್‍ಯಾಂಕ್ ಬೇಕಿತ್ತು, ನನಗೂ ಅದೇ ಬೇಕಿತ್ತು.

೩

ಹೊಳೆಯಾಚೆಯಿಂದ ಇದನ್ನು ವಾಪಸು ಕರೆತಂದಿದ್ದೇನೆ. ವೀಕಾಗಿಯೇ ಇದೆ. ಓದಿಕೊಳ್ಳಿ.

ಪರೀಕ್ಷೆಗೆ ಮುಂಚಿನ ಪ್ರಾರ್ಥನೆಯ ದಿನ ತಾಯಿತಂದೆಗಳೆಲ್ಲ ಶಾಲೆಗೆ ಬರುತ್ತಾರೆ. ಪಾದ್ರಿಗಳು ಪೆನ್ನುಗಳಿಗೆ ಆಶೀರ್ವಾದ ಮಾಡುತ್ತಾರೆ. ಬಿತುತುವಿನ ತಾಯಿ ನ್ಯಾಬೊಕೆಯೂ ಬಂದಿದ್ದಳು. ಬಳಪದ ಕಲ್ಲಿನಲ್ಲಿ ಕೆತ್ತಿದ ನೀರಾನೆ, ಮೀನುಗಳನ್ನು ನೀರಲ್ಲಿ ತಿಕ್ಕಿ ನುಣುಪು ಮಾಡುವುದು ಅವಳ ಕೆಲಸ. ಅವಳು ಮಗಳ ಪೆನ್ನನ್ನು ಎರಡೂ ಕೈಯಲ್ಲಿ ಎಲ್ಲರಿಗಿಂತ ಎತ್ತರಕ್ಕೆ ಹಿಡಿದಿದ್ದಳು. 'ಈ ಪೆನ್ನುಗಳು ಎಸಾಂಚೊದ ಹೆಸರು ಬೆಳಗಲಿ' ಎಂದು ಪಾದ್ರಿಗಳು ಅಂದಾಗ ಎಲ್ಲರಿಗಿಂತ ಜೋರಾಗಿ ಆಮೆನ್ ಅಂದವಳೂ ಅವಳೇ. ಗೆಸಾರೆ ಪಕ್ಕದಲ್ಲಿ ನಿಂತು ಬರೀ ತುಟಿ ಆಡಿಸಿದಳು.

ಪರೀಕ್ಷೆಯ ಮೊದಲ ದಿನ ಹುಡುಗಿಯರು ಹೊಳೆ ದಾಟಿ ಹೋದರು. ಅಲ್ಲಿನ ಗೇಟಿನೊಳಗೆ ಒಬ್ಬ ಮೇಷ್ಟ್ರು ಹಸಿರು ಸ್ವೆಟರುಗಳ ರಾಶಿ ಹಾಕಿಕೊಂಡು ಕೂತಿದ್ದ. ತಪಾಸಣೆಯವರು ಬಂದರೆ ಬಣ್ಣ ಒಂದೇ ಇರಬೇಕಲ್ಲ. ಬಿತುತು ಉದ್ದದ ಹುಡುಗಿ, ಸಿಕ್ಕಿದ ಸ್ವೆಟರಿನ ತೋಳು ಮೊಣಕೈಗೇ ನಿಂತಿತ್ತು.

ಸಂಜೆ ಅವಳು ಸೀದಾ ಗೆಸಾರೆಯ ಹತ್ತಿರ ಬಂದಳು.

"ಟೀಚರ್, ನಾವು ಯಾಕೆ ಅಲ್ಲಿ ಬರೀಬೇಕು?"

"ನಮ್ಮ ಹಾಲಲ್ಲಿ ಜಾಗ ಸಾಕಾಗಲಿಲ್ಲ ಮಗಾ."

ಹಾಲು ಅವರ ಬೆನ್ನ ಹಿಂದೆಯೇ ಇತ್ತು. ಬಿತುತು ಕಿಟಕಿಗೆ ಹಣೆ ಹಚ್ಚಿ ನೋಡಿದಳು. ಹಿಂದಿನ ಎರಡು ಸಾಲು ಡೆಸ್ಕು ಖಾಲಿ, ಮೇಲೆ ಧೂಳು.

"ಹೂಂ ಟೀಚರ್," ಅಂದಳು.

ಬೇರೆ ದಿನವಾಗಿದ್ದರೆ ಅರ್ಥವಾಗಲಿಲ್ಲ ಅನ್ನುತ್ತಿದ್ದಳು. ಅಂದು ಅನ್ನಲಿಲ್ಲ. ಗೆಸಾರೆಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

೬. ಮುಕ್ತಾಯ, ಎರಡನೇ ಬಗೆ

ಗೆಸಾರೆ ಅಡುಗೆಮನೆಯ ಹಿಂದಿನಿಂದ ಹೊರಬಂದು, ಹಾಡು ನಿಲ್ಲಿಸಿ, ಮೇಜಿನ ಮೇಲೆ ಹತ್ತಿ ಸತ್ಯ ಹೇಳಿಬಿಡುತ್ತಾಳೆ.

"ಹತ್ತಲ್ಲ," ಅಂದಳು ಗೆಸಾರೆ.

"ಯಾಕೆ? ಕೆಲಸ ಹೋಗುತ್ತೆ ಅಂತಲಾ?"

"ಅದೂ ಇದೆ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಕೇಳಿ. ನಾನು ಬಾಯಿ ಬಿಟ್ರೆ ಮೇಲಿನವರು ಮೊದಲು ತಡೆಹಿಡಿಯೋದು ಆ ಹುಡುಗೀರ ಫಲಿತಾಂಶಾನೇ. ನೋಂದಣಿ ಅಕ್ರಮ ಅಂತಾರೆ. ಬಿತುತು ಬರೆದು ಗಳಿಸಿದ ಡಿ ಪ್ಲಸ್ಸೂ ಹೋಗುತ್ತೆ. ಅದನ್ನ ಹಿಡ್ಕೊಂಡು ಅವಳು ಟೈಲರಿಂಗ್ ಕಾಲೇಜಿಗೆ ಸೇರಬೇಕು ಅಂತಿದಾಳೆ. ನನ್ನ ಮನಸ್ಸು ಹಗುರ ಮಾಡ್ಕೊಳ್ಳಕ್ಕೆ ಅವಳ ಕೈಯಲ್ಲಿರೋದನ್ನೂ ಕಿತ್ಕೊಳ್ಲಾ?"

"ಹಾಗಾದ್ರೆ ಸುಮ್ಮನಿರೋದೇ ಸರಿ ಅಂತೀರಾ?"

"ಸರಿ ಅಂತ ಎಲ್ಲಿ ಅಂದೆ?" ಅವಳು ನನ್ನ ಪೆನ್ನಿನತ್ತ ಬೆರಳು ತೋರಿಸಿದಳು. "ನನಗೆ ನಾಚಿಕೆ ಆಗ್ತಿದೆ ಅಂತ ಬರೀರಿ. ಅಲಂಕಾರ ಮಾಡ್ಬೇಡಿ. ನಾಚಿಕೆ ಆಗ್ತಿದೆ ಅಂತಷ್ಟೇ ಬರೀರಿ."

ಗೆಸಾರೆಗೆ ನಾಚಿಕೆಯಾಗುತ್ತಿದೆ.

೭

ಈ ಭಾಗ ನಾನು ಕಟ್ಟಿದ್ದಲ್ಲ. ಬೇಡವೆಂದರೂ ನಡೆಯಿತು.

ಅಡುಗೆಮನೆಯ ಹಿಂದಕ್ಕೆ ನ್ಯಾಬೊಕೆ ಬಂದಳು. ಕುಣಿದು ಮುಖವೆಲ್ಲ ಬೆವರು, ಕೂದಲಲ್ಲಿ ಎಲೆ, ಉಗುರಿನ ಸಂದಿಯಲ್ಲಿ ಬಿಳೀ ಕಲ್ಲಿನ ಪುಡಿ.

"ಅಯ್ಯೋ ಟೀಚರಮ್ಮ! ಊರೆಲ್ಲ ಕುಣೀತಿದ್ರೆ ನೀವಿಲ್ಲಿ ಹೊಗೆ ಕುಡೀತಾ ನಿಂತಿದೀರಾ? ಬನ್ನಿ ಬನ್ನಿ, ಯಾರ ದುಡಿಮೆ ಇದು? ನಿಮ್ಮದೇ ಅಲ್ವಾ?"

"ಬೇಡ ಅಕ್ಕ, ಇಲ್ಲೇ ಸ್ವಲ್ಪ ಕೆಲಸ..."

"ಕೆಲಸಾನೂ ಇಲ್ಲ ಗಿಲಸಾನೂ ಇಲ್ಲ!" ನ್ಯಾಬೊಕೆ ಅವಳ ಕೈ ಹಿಡಿದು ಎಳೆದುಕೊಂಡೇ ಅಂಗಳದ ನಡುವಿಗೆ ತಂದಳು. ಹೆಂಗಸರು ಕೇಕೆ ಹಾಕಿದರು. ಹೆಗಲ ಮೇಲಿದ್ದ ಮಚೋಗು ಇವರನ್ನು ಕಂಡು, ಬೇರೆ ಕಡೆ ತಿರುಗಿ ಕೈ ಬೀಸತೊಡಗಿದರು. ಮಗಳು ಬಿತುತು ಸೋಡಾ ಬಾಟಲಿಗಳ ಕ್ರೇಟಿನ ಪಕ್ಕ ನಿಂತಿದ್ದಳು.

ಗೆಸಾರೆಯ ಕಿವಿಗೆ ಬಾಯಿಟ್ಟು, ಹಾಡಿನ ನಡುವೆ ಕೇಳಲಿ ಎಂದು ನ್ಯಾಬೊಕೆ ಕೂಗಿ ಕೇಳಿದಳು.

"ಒಂದು ಮಾತು ಟೀಚರಮ್ಮ. ನಾನು ಓದಿದೋಳಲ್ಲ, ನಗಬೇಡಿ. ಶಾಲೆಗೆ ಬಂತಲ್ಲ ಈ ನಂಬರು, ಹನ್ನೆರಡಕ್ಕೆ ಏಳು ಚಿಲ್ಲರೆ ಅಂತ, ಇದ್ರಲ್ಲಿ ನನ್ನ ಮಗಳದು ಎಷ್ಟು? ಅವಳು ಜಾಣೆ ಅಲ್ಲ, ನನಗೆ ಗೊತ್ತು. ಆದ್ರೂ ಒಂದು ಚೂರಾದ್ರೂ ಇರುತ್ತಲ್ಲ?"

ಮಗಳ ಹೆಸರು ಹೊಳೆಯಾಚೆಯ ಲೆಕ್ಕದಲ್ಲಿದೆ ಎಂದು ನ್ಯಾಬೊಕೆಗೆ ಯಾರೂ ಹೇಳಿರಲಿಲ್ಲ. ಗೆಸಾರೆ ಹದಿನೈದು ವರ್ಷ ಸರಾಸರಿಯನ್ನು ಪಾಠ ಮಾಡಿದವಳು. ಈ ಲೆಕ್ಕದ ಉತ್ತರ ಅವಳಿಗೆ ಗೊತ್ತಿತ್ತು. ಆ ಉತ್ತರ ಸೊನ್ನೆಯೂ ಅಲ್ಲ. ಸೊನ್ನೆ ಬಂದವಳಿಗಾದರೂ ಲೆಕ್ಕದೊಳಗೆ ಜಾಗವಿರುತ್ತದೆ.

"ಇದೆ ಅಕ್ಕ," ಅಂದಳು.

"ಇದೆಯಾ? ಎಷ್ಟು?"

ಆಗ ಪಕ್ಕದಲ್ಲಿ ಬಿತುತುವಿನ ದನಿ ಕೇಳಿತು. ಅವಳು ಯಾವಾಗ ಹತ್ತಿರ ಬಂದಳೋ ಇಬ್ಬರೂ ನೋಡಿರಲಿಲ್ಲ.

"ಅವ್ವ, ಅದು ಹಂಗೆ ಒಬ್ಬೊಬ್ಬರದು ಬೇರೆ ಮಾಡಕ್ಕಾಗಲ್ಲ. ಎಲ್ಲರದ್ದೂ ಕೂಡಿಸ್ತಾರೆ, ಆಮೇಲೆ ಎಷ್ಟು ಜನ ಇದಾರೋ ಅಷ್ಟರಿಂದ ಭಾಗಿಸ್ತಾರೆ. ಎಲ್ಲರದ್ದೂ ಅದರೊಳಗೆ ಕರಗಿ ಹೋಗಿರುತ್ತೆ. ಟೀಚರ್ರೇ ಹೇಳ್ಕೊಟ್ಟಿದ್ದು."

ಒಂದು ತಪ್ಪಿಲ್ಲದೆ ಹೇಳಿದಳು. ಹೇಳುವಾಗ ತಾಯಿಯ ಮುಖವನ್ನೇ ನೋಡುತ್ತಿದ್ದಳು. ಟೀಚರ ಕಡೆಗೆ ಒಮ್ಮೆಯೂ ತಿರುಗಲಿಲ್ಲ.

"ನೋಡಿದ್ರಾ!" ನ್ಯಾಬೊಕೆ ಹಿಗ್ಗಿ ಹೀರೇಕಾಯಿಯಾದಳು. "ಹೆಂಗೆ ಬಿಡಿಸಿ ಹೇಳ್ತಾಳೆ ನನ್ನ ಮಗಳು! ಇವಳಿಗೆ ಗಣಿತ ಬರಲ್ಲ ಅಂತಿದ್ರಲ್ಲ ಟೀಚರಮ್ಮ!"

೮

ಆಮೇಲೆ ಗೆಸಾರೆ ಏನು ಮಾಡಿದಳು? ಮುಂದಿನ ನೋಂದಣಿಗೆ ಯಾರ ಹೆಸರನ್ನು ಎಲ್ಲಿ ಬರೆದಳು? ನಾನೂ ಅವಳನ್ನು ಕೇಳಿದೆ. ಅವಳು ನನ್ನ ಮಾತು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿಲ್ಲ. ಮೂರನೇ ಬಗೆಯ ಮುಕ್ತಾಯ ಒಂದಿದೆ, ಅವಳು ರಾಜೀನಾಮೆ ಕೊಡುವುದು. ನಾಲ್ಕನೆಯದರಲ್ಲಿ ಅವಳೇ ಪ್ರಿನ್ಸಿಪಾಲ್ ಆಗುತ್ತಾಳೆ. ಬಿತುತುವನ್ನು ಕೇಳಿದರೆ ಎರಡಕ್ಕೂ 'ನನಗೆ ಅರ್ಥ ಆಗಲಿಲ್ಲ' ಅನ್ನುತ್ತಾಳೆ, ಎರಡನ್ನೂ ತೆಗೆದಿದ್ದೇನೆ.

ಹಾಡು ಇನ್ನೂ ನಿಂತಿಲ್ಲ. ನ್ಯಾಬೊಕೆ ಟೀಚರ ಕೈಯನ್ನು ಮೇಲೆತ್ತಿ ಹಿಡಿದು ಕುಣಿಯುತ್ತಲೇ ಇದ್ದಾಳೆ, ಬಿಡುವ ಹಾಗೆ ಕಾಣುವುದಿಲ್ಲ. ಬಿತುತು ಜನರಿಗೆ ಸೋಡಾ ಹಂಚುತ್ತಿದ್ದಾಳೆ. ಯಾರಾದರೂ ಅಂಗಳದ ನಡುವೆ ಹೋಗಿ ಗೆಸಾರೆಯನ್ನು ಬಿಡಿಸಿ ಕರೆತರಬೇಕು. ನನಗಂತೂ ಆ ಹುಡುಗಿಯ ಮುಂದೆ ಹಾದುಹೋಗಲು ಮುಖವಿಲ್ಲ.