ದಸ್ತಗೀರಸಾಬರ ಪುರಸೊತ್ತು

ದಸ್ತಗೀರಸಾಬರ ನಡಿಗೆಯನ್ನು ಮೊದಲ ಸಲ ಕಂಡವರಿಗೆ ಶಹಾಪುರದ ನೆಲವೇ ಒಂದಿಷ್ಟು ಓಲಾಡುತ್ತಿದೆಯೇನೋ ಎಂಬ ಸಂಶಯ ಬರುತ್ತಿತ್ತು. ಕಾಲುಗಳನ್ನು ಅಗಲಿಸಿ, ಮೊಣಕಾಲನ್ನು ತುಸು ಸಡಿಲ ಬಿಟ್ಟು, ಎಡಬಲಕ್ಕೆ ತೂಗಿಕೊಳ್ಳುತ್ತ ಅವರು ಬೀದಿಯಲ್ಲಿ ಬರುತ್ತಿದ್ದರೆ, ಕುಡಿದಿದ್ದಾರೆಂದು ಹೊಸಬರು ದಾರಿ ಬಿಡುವುದೂ ಇತ್ತು. ಚಹಾ ಬಿಟ್ಟು ಬೇರೇನನ್ನೂ ಮುಟ್ಟದ ಆ ಮನುಷ್ಯನಿಗೆ ಆ ನಡಿಗೆ ಅಂಟಿದ್ದು ಮುಂಬಯಿಯ ಗೋದಿಯಲ್ಲಿ, ಅಂದರೆ ಹಡಗುಕಟ್ಟೆಯಲ್ಲಿ. ಹರೆಯದಲ್ಲಿ ಅಲ್ಲಿ ದೋಣಿ ಕಟ್ಟುವ ಕಾರಖಾನೆಯೊಂದರಲ್ಲಿ ನಕ್ಷೆ ಬರೆಯುತ್ತಿದ್ದ ಅವರು, ಹೊಸ ದೋಣಿಗಳನ್ನು ಪರೀಕ್ಷಿಸುವವರ ಜೊತೆ ಸಮುದ್ರಕ್ಕೂ ಹೋಗುತ್ತಿದ್ದರಂತೆ. ಆಮೇಲೆ ನಿಜಾಮರ ಕಟ್ಟಡ ಖಾತೆಯಲ್ಲಿ ನೌಕರಿ ಹಿಡಿದು, ಯಾದಗಿರಿ ಸುರಪುರಗಳ ನಡುವಿನ ಸಣ್ಣ ಸೇತುವೆಗಳ, ಚಾವಡಿಗಳ ನಕ್ಷೆ ಬರೆಯುತ್ತ ತಲೆ ನರೆಸಿಕೊಂಡರು. ನಡಿಗೆ ಮಾತ್ರ ಸಮುದ್ರದ್ದೇ ಉಳಿಯಿತು.

ನಾನು ಧಾರವಾಡದ ಕಡೆಯಿಂದ ಮಾಸ್ತರನಾಗಿ ಶಹಾಪುರಕ್ಕೆ ಬಂದಾಗ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ಕಚೇರಿಗಳಲ್ಲಿ ಉರ್ದು ಹಿಂದೆ ಸರಿದು ಬೇರೆ ಭಾಷೆಗಳು ಮುಂದೆ ಬರುತ್ತಿದ್ದವು. ಸಾಬರು ಅವಧಿಗೆ ಮೊದಲೇ ನಿವೃತ್ತಿ ಪಡೆದು ನನ್ನ ಬಾಡಿಗೆ ಮನೆಯ ಪಕ್ಕದಲ್ಲಿದ್ದರು. ಅವರನ್ನು ಸಂತೈಸಬೇಕೆಂಬ ಸದುದ್ದೇಶದಿಂದ ನಾನೊಮ್ಮೆ ಮಾತು ತೆಗೆದೆ. ಅವರು ಖಾಕಿ ಕೋಟಿನ ಜೇಬಿನಿಂದ ಹುರಿದ ಶೇಂಗಾ ತೆಗೆದು ನನ್ನ ಅಂಗೈಗೆ ಸುರಿದು, "ಗೌರ ಮಾಡ್ರಿ, ಮಾಸ್ತರ್ರ," ಅಂದರು. ಆಲೋಚಿಸಿ ನೋಡಿ ಎಂಬರ್ಥದ ಆ ನುಡಿಯಿಲ್ಲದೆ ಅವರ ಯಾವ ವಾದವೂ ಹೊರಡುತ್ತಿರಲಿಲ್ಲ. "ಈ ಕಡಿ ಕೃಷ್ಣಾ ಅದ, ಆ ಕಡಿ ಭೀಮಾ ಅದ. ನಡುವ ಹುಟ್ಟಿದ ಮನಶ್ಯಾ ನಾನು ಮೂವತ್ತು ವರ್ಷ ಬರೇ ಸೇತುವಿ ಮ್ಯಾಲ ನಿಂತು ನೀರು ನೋಡೀನಿ. ಇನ್ನ ನೀರಿಗಿ ಇಳೀಬೇಕಲ್ರಿ?"

ಇಳಿಯುವುದಕ್ಕೆ ಅವರು ಕಲ್ಪಿಸಿದ್ದು ಆ ಕಡೆಯ ದುಂಡನೆಯ ಹರಗೋಲಲ್ಲ. ಗಂಡ ಹೆಂಡತಿ ಇಬ್ಬರು ಮಲಗಿ, ಅಡುಗೆ ಮಾಡಿಕೊಂಡು, ವಾರಗಟ್ಟಲೆ ನದಿಯ ಮೇಲಿರಬಹುದಾದ ಹಾಯಿದೋಣಿ. ಕೃಷ್ಣೆಯಲ್ಲಿ ನೀರಿಗಿಂತ ಬಂಡೆ ಹೆಚ್ಚು. ಆದ್ದರಿಂದ ದೋಣಿಯ ತಳ ಚಪ್ಪಟೆಯಾಗಿರಬೇಕು. ಚಪ್ಪಟೆ ತಳ ಗಾಳಿಗೆ ಪಕ್ಕಕ್ಕೆ ಜಾರುತ್ತದೆ. ಆದ್ದರಿಂದ ನಡುವಿನ ಸೀಳಿನಿಂದ ಒಂದು ಹಲಗೆ ನೀರಿಗಿಳಿಯಬೇಕು, ಕಲ್ಲು ತಾಗಿದರೆ ತಾನಾಗಿ ಮೇಲೇಳಬೇಕು. ದಾಟಲಾಗದ ಬಂಡೆಗಳು ಬಂದಲ್ಲಿ ಹಾಯಿಯ ಕಂಬವನ್ನು ಬುಡದ ಕೀಲಿನಿಂದ ಮಲಗಿಸಿ, ಇಡೀ ದೋಣಿಯನ್ನು ತಗ್ಗು ಬಂಡಿಯ ಮೇಲೆಳೆದು, ದಂಡೆಯ ದಾರಿಯಲ್ಲಿ ಸಾಗಿಸಿ, ಮತ್ತೆ ನೀರಿಗೆ ಬಿಡಬೇಕು. ಹೀಗಾಗಿ ಅದರ ಭಾರ ಊರಲ್ಲಿ ಬಂಡಿ ಹೊಡೆಯುವ ಬೀರಣ್ಣನ ಒಂದು ಜೋಡಿ ಎತ್ತು ಎಳೆಯುವಷ್ಟು. ಅಗಲ, ಸಾಬರ ಅಂಗಳದ ಬಾಗಿಲು ದಾಟುವಷ್ಟು.

ಕಾಗದದ ನಕ್ಷೆಯಿಂದ ಅವರಿಗೆ ತೃಪ್ತಿಯಾಗಲಿಲ್ಲ. ಪಡಸಾಲೆಯ ನೆಲದ ಮೇಲೆಯೇ ದೋಣಿಯನ್ನು ಅದರ ನಿಜವಾದ ಗಾತ್ರದಲ್ಲಿ ಸುಣ್ಣದ ಕಡ್ಡಿಯಿಂದ ಬರೆದರು. ಒಂದು ಗೆರೆ ಮನಸ್ಸಿಗೆ ಬಾರದಿದ್ದರೆ ನೆಲಕ್ಕೆ ಕೆನ್ನೆಯಿಟ್ಟು ಒಂದೇ ಕಣ್ಣಿನಿಂದ ಅದರ ಬಾಗನ್ನು ನೋಡುತ್ತ ಮಲಗಿಬಿಡುವರು. ಅವರ ಹೆಂಡತಿ ಇಮಾಮಬೀ ಸೆರಗು ಸಾವರಿಸಿಕೊಂಡು ಗೆರೆಗಳ ನಡುವೆ ಹೆಜ್ಜೆ ಹುಡುಕುತ್ತ ನನ್ನೆದುರು ದೂರುತ್ತಿದ್ದರು: "ಕಸಾ ಹೊಡಿಯಂಗಿಲ್ಲ ನೋಡ್ರಿ ಮಾಸ್ತರ್ರ. ಹೊಡದ್ರ ದೋಣಿ ಮುಳಗತದಂತ!"

ಬಡಿಗೇರ ಬಾಲಪ್ಪ ಕಟ್ಟಿಗೆ ಕೊಯ್ಯಲು ಕುಳಿತ ಮೇಲೆ ಊರು ಮಾತಾಡತೊಡಗಿತು. ಸಂಸ್ಥಾನ ಸೇರ್ಪಡೆಯ ಹೊತ್ತಿನ ಗಲಭೆಯ ನೆನಪು ಇನ್ನೂ ಹಸಿಯಾಗಿದ್ದ ಕಾಲ. ಕೆಲವು ಮನೆತನಗಳು ಬೀಗ ಹಾಕಿಕೊಂಡು ಹೈದರಾಬಾದಿಗೆ ಹೋಗಿದ್ದವು. ಸಾಬರೂ ಓಡಿಹೋಗಲು ದೋಣಿ ಕಟ್ಟುತ್ತಿದ್ದಾರೆಂಬ ಸುದ್ದಿ ಹಬ್ಬಿ, ಪೊಲೀಸ್ ಜಮಾದಾರನೊಬ್ಬ ಅಂಗಳಕ್ಕೆ ಬಂದು ನಿಂತ.

"ಇದರಾಗ ಎಲ್ಲಿಗಿ ಓಡಬೇಕಂತ ಮಾಡೀರಿ?"

"ಓಡಾಕಲ್ರಿ ಜಮಾದಾರ್ರ, ಕುಂದ್ರಾಕ. ಬರ್ರಿ, ಒಳಗ ಕುಂತು ನೋಡ್ರಿ."

ಜಮಾದಾರ ಅನುಮಾನಿಸುತ್ತಲೇ ಅರೆಬರೆ ಕಟ್ಟಿದ ದೋಣಿಯ ಕೋಣೆಯೊಳಗೆ ನುಸುಳಿದ. ಕುಳಿತು ಬೆನ್ನು ನೆಟ್ಟಗೆ ಮಾಡಿದ್ದೇ ತಡ, ತಲೆ ಮಾಡಿನ ತೊಲೆಗೆ ಬಡಿದು ಟೋಪಿ ಕಣ್ಣಿನ ಮೇಲಿಳಿಯಿತು. ಬಾಗಿಲ ಮರೆಯಿಂದ ಇಮಾಮಬೀಯ ದನಿ ಬಂತು: "ಮಾಡು ತಗ್ಗಾತಂತ ನಾ ಹೇಳಿದ್ದಿಲ್ಲೇನ್ರಿ? ಸರ್ಕಾರದ ತಲೀಗೂ ತಗಲ್ತು!" ಜಮಾದಾರನೂ ನಕ್ಕ, ಚಹಾ ಕುಡಿದು ಹೋದ, ವಿಚಾರಣೆ ಅಲ್ಲಿಗೇ ಮುಗಿಯಿತು.

ಆದರೆ ಇಮಾಮಬೀಯ ತಕರಾರು ಮುಗಿಯಲಿಲ್ಲ. ಆಕೆಗೆ ಮೊಣಕಾಲುನೋವು, ಬಗ್ಗಿ ಕೂರಲಾಗದು. ಮಾಡು ಎತ್ತರಿಸಿದರೆ ಗಾಳಿ ಅದನ್ನೇ ಹಿಡಿದು ದೋಣಿಯನ್ನು ಮಗುಚುತ್ತದೆ ಎಂದು ಸಾಬರು. ಆಗಲೇ ಆಕೆಯ ಅಣ್ಣ ಮೈನುದ್ದೀನ ತಂಗಿಯನ್ನೂ ಅವಳ ಗಂಡನನ್ನೂ ಹೈದರಾಬಾದಿಗೆ ಕರೆದೊಯ್ಯುವ ಹಟ ತೊಟ್ಟು ಬಂದ. ಮೂರು ಹೊತ್ತು ಅದೇ ಮಾತು. ಕೊನೆಗೆ ಇಮಾಮಬೀ ಗಂಡನಿಗೆ ನನ್ನೆದುರೇ ಹೇಳಿಬಿಟ್ಟರು: "ನಿಮ್ಮ ದೋಣ್ಯಾಗ ನಾ ನೆಟ್ಟಗ ಕುಂತು ಚಾ ಕುಡಿಯಂಗಾದ್ರ ಈ ಊರಾಗ ಇರತೀನಿ. ಇಲ್ಲಂದ್ರ ಅಣ್ಣನ ಮನೀಗಿ ನಡೀರಿ. ಹೆದರಕೊಂತ ಬಗ್ಗಿ ಕುಂತು ಸಾಕಾಗ್ಯಾದ ನಂಗ."

ಆಕೆ ದೋಣಿಯನ್ನಷ್ಟೇ ಕುರಿತು ಆಡಿದ ಮಾತಲ್ಲವೆಂದು ನಮ್ಮೆಲ್ಲರಿಗೂ ತಿಳಿಯಿತು. ಸಾಬರು ಅಂದು "ಗೌರ ಮಾಡ್ರಿ" ಎನ್ನಲಿಲ್ಲ. ಬಾಲಪ್ಪನಿಗೆ ಕೆಲಸ ನಿಲ್ಲಿಸಲು ಹೇಳಿದರು.

ದಾರಿ ತೋರಿದ್ದು ಇಮಾಮಬೀಯೇ. ಅಣ್ಣನನ್ನು ರೈಲು ಹತ್ತಿಸಲು ಯಾದಗಿರಿಗೆ ಹೋಗಿದ್ದಾಗ, ಸ್ಟೇಶನ್ನಿನಿಂದ ಮರಳುವ ದಾರಿಯಲ್ಲಿ ಮಳೆ ಹನಿಯಿತು. ಟಾಂಗಾದವನು ಹಿಂದಕ್ಕೆ ಮಡಚಿದ್ದ ಮುಚ್ಚಿಗೆಯನ್ನು ಎಳೆದು ಏರಿಸಿದ. ಆಕೆ ಗಂಡನ ಕೋಟಿನ ತೋಳು ಹಿಡಿದು ಜಗ್ಗಿದರಂತೆ: "ಇದರಂಗ ಮಾಡ್ರಿ. ದೋಣಿ ಓಡೋ ಮುಂದ ಮಾಡು ಇಳಸ್ರಿ, ನಿಂತ ಮ್ಯಾಲ ಎತ್ರಿ." ಆ ಸಂಜೆ ನನ್ನ ಮನೆಯ ಬಾಗಿಲು ತಟ್ಟಿ ಈ ಸುದ್ದಿ ಹೇಳುವಾಗ ಸಾಬರ ಮುಖದಲ್ಲಿದ್ದ ಬೆಳಕನ್ನು ಹಬ್ಬದ ಚಂದ್ರನನ್ನು ಕಂಡವರ ಮುಖದಲ್ಲಿ ಮಾತ್ರ ನಾನು ನೋಡಿದ್ದೇನೆ. ಮಾಡಿಗೆ ಕೀಲು ಬಂತು, ಸುತ್ತ ದಪ್ಪ ಬಟ್ಟೆಯ ಗೋಡೆ ಬಂತು. ದೋಣಿಗೆ 'ಫುರ್ಸತ್' ಎಂದು ಹೆಸರಿಟ್ಟು ಉರ್ದುವಿನಲ್ಲಿ ತಾವೇ ಬರೆದರು. ಕೆಳಗೆ ಕನ್ನಡದಲ್ಲಿ ಬರೆಯಲು ಕುಂಚವನ್ನು ನನಗೆ ಕೊಟ್ಟರು. ನಾನು 'ಪುರಸೊತ್ತು' ಎಂದು ಬರೆದೆ. ಎರಡೂ ಒಂದೇ ಮಾತೆಂದು ನನಗೆ ಹೊಳೆದದ್ದು ಬಣ್ಣ ಹಚ್ಚುವಾಗಲೇ.

ಹಿಂಗಾರಿನ ಗಾಳಿ ಎದ್ದ ಮೇಲೆ ಬೀರಣ್ಣನ ಎತ್ತುಗಳು ಅದನ್ನು ಸುರಪುರ ದಾಟಿಸಿ ತಿಂಥಣಿಯ ಕೃಷ್ಣೆಯ ದಂಡೆಗೆ ಎಳೆದು ತಂದವು. ಸುರಪುರದಲ್ಲಿ ಮುದುಕಿಯೊಬ್ಬಳು ಮುಚ್ಚಿದ ಮೇನೆಯೆಂದು ತಿಳಿದು, "ಯಾರ ಮದಲಗಿತ್ತೆಪ್ಪಾ ಒಳಗ?" ಎಂದು ಇಣುಕಿದಳು. "ನನ್ನಾಕೀನೇ, ಅವ್ವಾ," ಎಂದರು ಸಾಬರು. ಆ ಋತುವನ್ನು ಅವರು ಬೇಕೆಂದೇ ಆರಿಸಿದ್ದರು. "ನೀರು ಮೂಡಲಕ್ಕ ಹರೀತದ, ಗಾಳಿ ಮೂಡಲದಿಂದ ಬೀಸತದ. ಗಾಳಿ ಒಯ್ತದ, ನೀರು ತರತದ."

ಗಾಳಿ ಒಯ್ದದ್ದೇನೋ ನಿಜ. ಆ ಮೊದಲ ಸಲ ನಾನೂ ಅವರ ಜೊತೆ ದೋಣಿಯಲ್ಲಿದ್ದೆ. ನಡುಹೊಳೆಯಲ್ಲಿ ಒಂದೇ ಸಲ ರಭಸವಾಗಿ ಬೀಸಿ ದೋಣಿಯನ್ನು ವಾಲಿಸಿತು. ಅದೇ ಗಳಿಗೆಯಲ್ಲಿ ಅಡಿಯಲ್ಲಿ ಬಂಡೆ ತಾಗಿ ಗಡಗಡ ಸದ್ದಾಯಿತು. ನಾನು ಕಣ್ಣು ಮುಚ್ಚಿದೆ. ಒಳಗೆ ಪಾತ್ರೆಗಳು ಉರುಳಿದವು, ಇಮಾಮಬೀ ದೇವರನ್ನು ಕೂಗಿದರು. ನಡುವಿನ ಹಲಗೆ ನಕ್ಷೆಯಲ್ಲಿ ಬರೆದ ಹಾಗೆಯೇ ತಾನಾಗಿ ಮೇಲೆದ್ದಿತು. ಸಾಬರು ಹಾಯಿಯ ಹಗ್ಗ ಸಡಿಲಿಸಿದರು. ದೋಣಿ ಬಂಡೆಯನ್ನು ಸವರಿಕೊಂಡು ಸೆಟೆದು ನಿಂತಿತು. ಒಳಗಿನಿಂದ ಮತ್ತೆ ದನಿ ಬರಲಿಲ್ಲವೆಂದು ಸಾಬರ ಮುಖ ಬಿಳಿಚಿತ್ತು. ದೋಣಿಯನ್ನು ಒಂದು ಮರಳದಿಣ್ಣೆಗೆ ಹಚ್ಚಿ, ಮಾಡನ್ನು ಎತ್ತಿದರು. ಇಮಾಮಬೀ ಬೆನ್ನು ನೆಟ್ಟಗೆ ಮಾಡಿ ಕುಳಿತರು. ತಲೆಯ ಮೇಲೆ ಕೈಯಾಡಿಸಿ, ಮಾಡು ತಾಗುವುದಿಲ್ಲವೆಂದು ಖಾತ್ರಿ ಮಾಡಿಕೊಂಡು, "ಒಲಿ ಹಚ್ಚಲೇನು?" ಎಂದರು. ಸ್ವಲ್ಪ ಹೊತ್ತಿನ ಮೇಲೆ, ಬಸಿಗಳಿಗೆ ಚಹಾ ಸುರಿಯುತ್ತ, "ಅಣ್ಣಾಗ ಹೇಳಿ ಕಳಸ್ರಿ, ನಾವು ಬರಂಗಿಲ್ಲಂತ," ಅಂದರು. ಸಾಬರು ಬಸಿಯನ್ನು ಬಾಯಿಗಿಟ್ಟರು. ಕುಡಿದು ಮುಗಿಸಿ ಇನ್ನೊಂದು ಬಸಿ ಕೇಳಿದರು.

ಆಮೇಲೆ ಚಳಿಗಾಲವೆಂದರೆ ಅವರಿಬ್ಬರೂ ನದಿಯ ಮೇಲೆ. ಐವತ್ತಾರರಲ್ಲಿ ತಿಂಥಣಿಯಿಂದ ಹೊಳೆಯ ಓಟಕ್ಕೆ ಬಿಟ್ಟು, ಸಂಗಮದಲ್ಲಿ ಭೀಮೆಗೆ ಹೊರಳಿ, ಬಂಡೆಗಳಿದ್ದಲ್ಲಿ ಬೀರಣ್ಣನ ಬಂಡಿ ಹತ್ತಿ ಇಳಿದು, ಯಾದಗಿರಿಯ ದಂಡೆ ಮುಟ್ಟಿದರು. ಹೊರಟಾಗ ಅಕ್ಟೋಬರ್, ಮುಟ್ಟಿದಾಗ ನವೆಂಬರ್, ನಡುವೆ ರಾಜ್ಯಗಳ ಮರುವಿಂಗಡಣೆ ಆಗಿಹೋಗಿತ್ತು. ಎದುರುಗೊಳ್ಳಲು ಹೋಗಿದ್ದ ನಾನು, ಹೈದರಾಬಾದ್ ರಾಜ್ಯದಲ್ಲಿ ದೋಣಿ ಹತ್ತಿದವರು ಮೈಸೂರು ರಾಜ್ಯದಲ್ಲಿ ಇಳಿಯುತ್ತಿದ್ದೀರಿ ಎಂದೆ. ಸಾಬರು ಹೆಂಡತಿಗೆ ಕೈಯಾಸರೆ ಕೊಟ್ಟು ಇಳಿಸುತ್ತ ನಕ್ಕರು: "ಕೇಳಿದ್ಯೇನ? ನಾವು ಹೈದರಾಬಾದಿಗಿ ಹೋಗಲಿಲ್ಲ, ಹೈದರಾಬಾದೇ ನಮ್ಮನ್ನ ಬಿಟ್ಟು ಹೋಗ್ಯಾದ!"

ತೃಪ್ತಿಯೆಂದರೆ ಆಸೆ ಬಿಡುವುದು ಎಂದು ಬಾಲ್ಯದಿಂದ ಕೇಳುತ್ತ ಬಂದಿದ್ದೇನೆ. ನಾನು ಬಾಳಿನಲ್ಲಿ ಕಂಡ ತೃಪ್ತರೆಲ್ಲ ಆಸೆಬುರುಕರೇ. ಅವರು ಆಸೆಯನ್ನು ಬಿಟ್ಟವರಲ್ಲ, ಜೊತೆಗೆ ಬಾಳುವವರ ಅಳತೆಗೆ ಅದನ್ನು ತಿದ್ದಿಕೊಂಡವರು. ತಿದ್ದುವಾಗ ತಮ್ಮದೇನೋ ಕಡಿಮೆಯಾಯಿತೆಂದು ಕೊರಗದವರು. ಅಂಥವರು ದೊಡ್ಡ ಕಾಲವನ್ನು ಬದಲಿಸುವುದಿಲ್ಲ, ಕಾಲ ಬದಲಾದಾಗ ಕಂಗೆಡುವುದೂ ಇಲ್ಲ. ಅವರ ನೆರೆಯಲ್ಲಿ ಕೆಲವು ವರ್ಷ ಬಾಳಿದವನಿಗೆ ಲೋಕ ಇರಲು ಯೋಗ್ಯವಾದ ಜಾಗವೆಂದು ಅನ್ನಿಸುತ್ತದೆ. ಅದಕ್ಕಿಂತ ದೊಡ್ಡ ಉಪಕಾರವನ್ನು ಒಬ್ಬ ಮನುಷ್ಯ ಇನ್ನೊಬ್ಬನಿಗೆ ಮಾಡಲಾರ.