ಹನ್ನೊಂದು ಕೆಂಪು ಚೀಟಿ

"ಆ ಹೂವು ಹೊರಗೇ ಇಡಿ," ಎಂದಳು ಹೆಂಡತಿ, ಸತ್ತ ಗಂಡನ ಶರ್ಟಿಗೆ ಗುಂಡಿ ಹಾಕುತ್ತಲೇ.

ಬಾಗಿಲಲ್ಲಿ ನಿಂತಿದ್ದವರು ಪ್ರಯೋಗಾಲಯದ ದೊಡ್ಡ ಡಾಕ್ಟರು. ಅಲ್ಲಿನ ಮೊಲಗಳನ್ನು ಇಪ್ಪತ್ತಾರು ವರ್ಷ ಸಾಕಿದವನು ಅವಳ ಗಂಡ. ಎಲ್ಲರ ಬಾಯಲ್ಲೂ ಮೊಲದಪ್ಪ. ಅಂಗೈ ಉಜ್ಜಿ ಬಿಸಿ ಮಾಡಿಕೊಳ್ಳದೆ ಮೊಲ ಮುಟ್ಟಿದವನಲ್ಲ. ಅಂಥವನಿಗೆ ಕೊನೆಗೆ ಸಿಕ್ಕ ಬಿರುದು, ನೀರು ಹಾಕದೆ ಹನ್ನೊಂದು ಮೊಲ ಕೊಂದವನು ಎಂದು!

"ಅತ್ತಿಗೆ, ಸಾವಿನ ಮನೇಲಿ ಹಗೆ ಬೇಡ," ನಾದಿನಿ ಪಿಸುಗುಟ್ಟಿದಳು.

"ನಿಮ್ಮಣ್ಣ ಬಿಟ್ಟುಹೋದ ಕೆಲಸ ಕಣಮ್ಮ. ಮುಗಿಸ್ಲೇಬೇಕು."

*

ಪ್ರಾಣಿಯ ನೋವು ಮಿತಿ ಮೀರಿದರೆ ಸಾಕುವವನು ಪಂಜರಕ್ಕೆ ಕೆಂಪು ಚೀಟಿ ಸಿಕ್ಕಿಸಬೇಕು, ಪ್ರಯೋಗ ಅಲ್ಲಿಗೇ ನಿಲ್ಲಬೇಕು. ಚೀಟಿ ತೆಗೆಯುವವರು ಅದರ ಹಿಂಬದಿಯಲ್ಲಿ ಕಾರಣ ಬರೆದು ಸಹಿ ಹಾಕಬೇಕು. ಇದು ನಿಯಮ. ಮೊಲದಪ್ಪ ಹನ್ನೊಂದು ಪಂಜರಕ್ಕೂ ಸಿಕ್ಕಿಸಿದ. ಡಾಕ್ಟರು ಹನ್ನೊಂದನ್ನೂ ತೆಗೆದು, ಅಭ್ಯಾಸಬಲದಿಂದ ಬರೆದು ಸಹಿಯೂ ಹಾಕಿ, ಕಸದ ಬುಟ್ಟಿಗೆ ಎಸೆದರು. ಬುಟ್ಟಿ ಖಾಲಿ ಮಾಡುವವನು ಯಾರೆಂದು ದೊಡ್ಡವರು ಯಾವತ್ತು ಯೋಚಿಸಿದ್ದಾರೆ?

ಮೊಲಗಳು ನರಳಿ ಸತ್ತವು. ತಪ್ಪು ಮೊಲದಪ್ಪನ ತಲೆಗೆ ಬಂತು, ಕೆಲಸ ಹೋಯಿತು.

"ಬುಟ್ಟೀಲಿ ಸಿಕ್ಕಿದ ಚೀಟಿ ತೋರಿಸ್ರೀ," ಎಂದು ಹೆಂಡತಿ ಬಡಕೊಂಡಳು.

"ಪ್ರಾಣಿಗಳ ದೂರು ಕೇಳೋ ಸಮಿತಿಗೂ ಆ ಡಾಕ್ಟರೇ ಅಧ್ಯಕ್ಷರು ಕಣೇ. ಕಳ್ಳನ ಕೈಗೇ ಬೀಗದ ಕೈ ಕೊಡ್ಲಾ? ಬೇರೆಯವರು ಬರ್ಲಿ."

ಬೇರೆಯವರು ಬರುವಷ್ಟರಲ್ಲಿ ಅವನು ಹಾಸಿಗೆ ಹಿಡಿದಿದ್ದ.

*

"ಒಳ್ಳೇ ಮನುಷ್ಯ," ಡಾಕ್ಟರು ಗಂಟಲು ಸರಿಮಾಡಿಕೊಂಡರು. "ಏನೋ ಒಂದು ತಪ್ಪಾಯ್ತು. ನಾವ್ಯಾರೂ ಮನಸ್ಸಲ್ಲಿ ಇಟ್ಕೊಂಡಿಲ್ಲ."

ಹೆಂಡತಿ ಗಂಡನ ದಿಂಬಿನಡಿಯಿಂದ ಚೀಟಿಗಳ ಕಟ್ಟು ಎಳೆದಳು. ಬೆಳಿಗ್ಗೆ ತಾನೇ ಫೋನ್ ಮಾಡಿ ಕರೆಸಿ ಪಕ್ಕದಲ್ಲೇ ಕೂರಿಸಿಕೊಂಡಿದ್ದ ಸಮಿತಿಯ ಹೊಸ ಅಧ್ಯಕ್ಷೆಯ ಕೈಗೆ ಹತ್ತು ಚೀಟಿ ಕೊಟ್ಟು, ಹನ್ನೊಂದನೆಯದನ್ನು ಡಾಕ್ಟರ ಮುಂದೆ ಹಿಡಿದಳು.

"ಓದಿ ಸಾರ್. ನಿಮ್ಮದೇ ಅಕ್ಷರ."

"ಇದೆಲ್ಲ ಈಗ ಯಾಕಮ್ಮ..."

"ಓದಿ," ಎಂದರು ಅಧ್ಯಕ್ಷೆ, ಚೀಟಿಗಳಿಂದ ತಲೆ ಎತ್ತದೆ.

ಡಾಕ್ಟರು ಓದಿದರು: "ನೋವಿರುವುದು ನಿಜ. ಇನ್ನೂ ನಾಲ್ಕು ದಿನದ ಫಲಿತಾಂಶ ಬೇಕು. ತಾನಾಗಿ ಸಾಯುವವರೆಗೆ... ಮುಂದುವರಿಸಿ."

"ಅಯ್ಯೋ ಪಾಪಿ! ನಮ್ಮಣ್ಣನ ತಲೆಗೆ ಕಟ್ಟಿದ್ಯಲ್ಲೋ!" ಹಗೆ ಬೇಡವೆಂದಿದ್ದ ನಾದಿನಿಯೇ ಕಿರುಚಿದಳು.

"ಉಪ್ಪು ತಿಂದವನು ನೀರು ಕುಡೀಲೇಬೇಕು," ಎಂದ ಅಂತಿಮ ದರ್ಶನಕ್ಕೆ ಬಂದಿದ್ದ ಪ್ರಯೋಗಾಲಯದ ಕಾವಲುಗಾರ.

ಕಟ್ಟಿನಲ್ಲಿ ಬರೆಯದ ಚೀಟಿಯೊಂದು ಉಳಿದಿತ್ತು. ಹೆಂಡತಿ ಅದನ್ನು ಡಾಕ್ಟರ ಜೇಬಿಗೆ ಸಿಕ್ಕಿಸಿದಳು.

"ತೆಗೀಬಹುದು ಸಾರ್. ಹಿಂದೆ ಕಾರಣ ಬರೆದು ಸಹಿ ಹಾಕಿ."

ಗಾಡಿ ಬಂತು. ಮೊಲದಪ್ಪನನ್ನು ಎತ್ತಿದರು. ಡಾಕ್ಟರು ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟು ನಿಂತಿದ್ದರು. ಅವರ ಕೈ ಆ ಕೆಂಪು ಚೀಟಿಯವರೆಗೆ ಹೋಗುತ್ತಿತ್ತು, ಮುಟ್ಟದೆ ಕೆಳಗಿಳಿಯುತ್ತಿತ್ತು.