ಬಾಬುಮಿಯಾನ ಝಡತಿ

ಶಹಾಬಾದಿನ ಹೊರಗೆ ಕಾಗಿಣಾ ನದಿಯ ದಂಡೆಗುಂಟ ಮೂರು ಅರಳೆ ಮಿಲ್ಲುಗಳಿದ್ದವು. ಎಪ್ಪತ್ತೆಂಟರ ಹೊತ್ತಿಗೆ ಮೂರೂ ಮುಚ್ಚಿ, ಆ ಜಾಗದಲ್ಲಿ ಸರಕಾರಿ ಕಚೇರಿಗಳು ಬಂದು ಕೂತವು. ಅರಳೆ ಹಾರುತ್ತಿದ್ದಲ್ಲಿ ಫ್ಯಾನಿನ ಗಾಳಿಗೆ ಫೈಲಿನ ಹಾಳೆ ಹಾರತೊಡಗಿದವು. ನಡುವಿನ ಮಿಲ್ಲಿನಲ್ಲಿ ನಮ್ಮ ಕಚೇರಿ, ನಾನಲ್ಲಿ ಗುಮಾಸ್ತ. ಕಟ್ಟಡದ ಜೊತೆಗೆ ಹಳೆಯ ಗೇಟೂ ಗೇಟಿನ ಕಾವಲುಗಾರ ಬಾಬುಮಿಯಾನೂ ನಮ್ಮ ಪಾಲಿಗೆ ಬಂದರು.

ಮೂವತ್ತು ವರ್ಷ ಆತ ಮಾಡಿದ್ದು ಒಂದೇ ಕೆಲಸ, ಝಡತಿ. ಪಾಳಿ ಮುಗಿಸಿ ಹೊರಟವರ ಮೈ ತಡವಿ, ಬುತ್ತಿಗಂಟು ಬಿಚ್ಚಿಸಿ, ಹಿಡಿ ಅರಳೆಯೂ ಹೊರಗೆ ಹೋಗದಂತೆ ನೋಡುವುದು. ಮಾಲಕರು ಬದಲಾದರೆ ಗೇಟಿನ ಕಾಯದೆ ಬದಲಾಗುತ್ತದೆಯೇ? ಮೊದಲ ಸಂಜೆಯೇ ನಮ್ಮನ್ನು ಸಾಲಾಗಿ ನಿಲ್ಲಿಸಿದ. ನನ್ನ ಜೇಬಿನಲ್ಲಿ ಎರಡು ಸರಕಾರಿ ಪೆನ್ಸಿಲು ಸಿಕ್ಕವು. ಸುಳ್ಳು ಯಾಕೆ ಹೇಳಲಿ, ಮಾನ ಹೋಯಿತು.

ಸಾಹೇಬರಾದ ಬಸವಂತರಾಯರು, "ಸರಿಯೋ ಆಚೆ!" ಎಂದು ಕೈ ಕೊಡವಿ ಹೊರಟುಹೋದರು. ಮರುದಿನ ಆತನನ್ನು ಕೆಲಸದಿಂದ ತೆಗೆಯಲು ಪತ್ರ ಬರೆದು, ಗುಲ್ಬರ್ಗಾದ ಮೇಲಧಿಕಾರಿಗಳ ಸಹಿಗೆ ತಾವೇ ಒಯ್ಯುವುದಾಗಿ ಚೀಲದಲ್ಲಿಟ್ಟುಕೊಂಡರು. ಬಾಬುಮಿಯಾ ಹಂಗಾಮಿ ನೌಕರ. ಸಹಿ ಬಿದ್ದರೆ ಕಥೆ ಮುಗಿಯಿತು.

ಸಂಜೆ ನಾನು ಗೇಟಿಗೆ ಓಡಿದೆ. "ಮಿಯಾ, ಇವತ್ತ ಸಾಹೇಬ್ರನ್ನ ಸುಮ್ಮ ಬಿಡ್ರಿ. ಚೀಲದಾಗ ನಿಮ್ಮ ನೌಕ್ರಿ ತೆಗಿಯೋ ಕಾಗದ ಅದ."

"ಇರ್ಲಿ ಬಿಡ್ರಿ. ಗೇಟ ಎಲ್ಲರಿಗೂ ಒಂದೇ."

ಸಾಹೇಬರು ಬಂದಾಗ ಆತ ಗೇಟಿಗೆ ಕೀಲಿ ಹಾಕಿಯೇ ನಿಂತಿದ್ದ. ಚೀಲ ಮುಟ್ಟಿದ. ಸಾಹೇಬರು ಸಿಟ್ಟಿನಿಂದ ಎಳೆದುಕೊಂಡರು. ಚೀಲ "ಟಿಣ್" ಎಂದಿತು.

ನಗು ಮರೆಸಲು ನಾವೆಲ್ಲ ಕೆಮ್ಮಿದೆವು. ಅದು ಜವಾನನನ್ನು ಕರೆಯುವ ಮೇಜಿನ ಗಂಟೆ. ಬಾಬುಮಿಯಾ ಚೀಲ ಬಿಚ್ಚಿದಾಗ ಅದರ ಹಿಂದೆಯೇ ಮಸಿ ಬಾಟಲಿ, ಎರಡು ದಸ್ತು ಬಿಳಿ ಹಾಳೆ ಹೊರಬಂದವು.

"ಮನ್ಯಾಗ ಹುಡುಗ ಬರಿಲಿಕ್ಕ..." ಎಂದು ಸಾಹೇಬರು ತಡವರಿಸಿದರು.

ಬಾಬುಮಿಯಾ ಬೈಯಲಿಲ್ಲ. ಎಲ್ಲವನ್ನೂ ಸ್ಟೂಲಿನ ಮೇಲೆ ಜೋಡಿಸಿ, ಕೊನೆಗೆ ಸಿಕ್ಕ ಪತ್ರವನ್ನು ಮಾತ್ರ ಸಾಹೇಬರ ಕೈಗೇ ಕೊಟ್ಟ.

"ಇದು ಕಚೇರಿ ಕೆಲ್ಸದ್ದು, ಒಯ್ರಿ. ಮೂವತ್ತ ವರ್ಸ ಹಿಡಿ ಅರಳಿ ಹೊರಗ ಬಿಟ್ಟಿಲ್ರಿ ನಾ. ಆಮ್ಯಾಗ ಮಾಲಕ್ರು ಮಶೀನೆಲ್ಲ ಲಾರಿಗಿ ಹೇರ್ಕೊಂಡು ಹೋದ್ರು. ಎಂಟುನೂರು ಮಂದಿ ಅನ್ನ ಇದೇ ಗೇಟಿನಾಗ ಹಾದು ಹೋತು. ಅವತ್ತ ಝಡತಿ ಮಾಡಾಕ ನನಗ ಎದಿ ಆಗ್ಲಿಲ್ಲ."

ಯಾರೂ ನಗಲಿಲ್ಲ.

ಸಾಹೇಬರು ಪತ್ರವನ್ನು ತಿರುವಿ ನೋಡಿ, ಹಾಳೆಗಳ ಮೇಲೆ ಇಟ್ಟರು. "ಇದೂ ಸರಕಾರಿ ಹಾಳೀನೇ ಅದ. ಒಳಗ ಇಡ್ರಿ ಮಿಯಾ."

ಆಮೇಲೆ ಎರಡೂ ಕೈ ಮೇಲೆತ್ತಿ ನಿಂತರು. "ಜೇಬು ನೋಡೋದು ಉಳದದ."